ದೋಣಿಕಾರನ ಮೊಕದ್ದಮೆ

ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಬಾರದು ಎಂದು ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಇದೇನು ಮಹಾ, ಎಲ್ಲರ ಮನೆಯಲ್ಲೂ ಇದೆ ಎನ್ನುತ್ತೀರಿ. ಇರಬಹುದು. ಆದರೆ ನಿಮ್ಮ ಮನೆಯಲ್ಲಿ ಆ ಕಾನೂನು ನಿಮ್ಮ ಟವೆಲಿನಿಂದಲೇ ಹುಟ್ಟಿರುತ್ತದೆ. ನಮ್ಮ ಮನೆಯಲ್ಲಿ ಅದು ಹುಟ್ಟಿದ್ದು ಒಬ್ಬ ಹಡಗಿನ ಕಪ್ತಾನನಿಂದ. ಆ ಪುಣ್ಯಾತ್ಮ ಯಾವುದೋ ಕಾದಂಬರಿಯಲ್ಲಿ ಹೆಂಡತಿಯ ಮಾತು ಕೇಳದೆ ಬಿರುಗಾಳಿಯೊಳಗೆ ಹಡಗು ನುಗ್ಗಿಸಿದ. ಹಡಗು ಮುಳುಗಿತು. ಅದರ ಜೊತೆಗೆ ನನ್ನ ಟವೆಲಿನ ಸ್ವಾತಂತ್ರ್ಯವೂ ಮುಳುಗಿತು. ಕಪ್ತಾನನಿಗೂ ನನ್ನ ಟವೆಲಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಅಂದು ನನಗಿರಲಿಲ್ಲ. ಇಂದೂ ಇಲ್ಲ.

ವಿಷಯ ಏನೆಂದರೆ, ನನ್ನ ಹೆಂಡತಿ ವಾರಕ್ಕೊಂದು ಕಾದಂಬರಿ ಓದುತ್ತಾಳೆ. ಓದುತ್ತಾಳೆ ಎಂದರೆ ಸಾಲದು, ಅದರೊಳಗೆ ಸಂಸಾರ ಹೂಡುತ್ತಾಳೆ. ಅವಳು ಆಸ್ಪತ್ರೆಯೊಂದರ ರಕ್ತ ಪರೀಕ್ಷೆಯ ವಿಭಾಗದಲ್ಲಿದ್ದಾಳೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಸೂಜಿ ಹಿಡಿದು ಊರವರ ರಕ್ತ ತೆಗೆಯುವುದು ಅವಳ ಕೆಲಸ. (ಮಧ್ಯಾಹ್ನದ ಮೇಲೆ ಮನೆಗೆ ಬರುತ್ತಾಳೆ. ಮುಂದಿನದನ್ನು ನಾನು ಹೇಳುವುದಿಲ್ಲ.)

ಇನ್ನು ನಾನು ಕನ್ನಡಕದ ಅಂಗಡಿಯವನು. ಊರಿನ ಓದುಗರಿಗೆಲ್ಲ ಕಣ್ಣು ಕೊಡುವವನು. ಆದರೆ ನನ್ನ ಸ್ವಂತ ಓದು ಅಂಗಡಿಯ ಗೋಡೆಗೆ ನೇತುಹಾಕಿದ ಅಕ್ಷರಗಳ ಪಟಕ್ಕೇ ಮುಗಿಯುತ್ತಿತ್ತು. ದೊಡ್ಡ ಅಕ್ಷರದಲ್ಲಿ ಆರಂಭವಾಗಿ ಇರುವೆಯಷ್ಟು ಅಕ್ಷರದಲ್ಲಿ ಮುಗಿಯುವ ಆ ಪಟಕ್ಕಿಂತ ಉದ್ದದ ಸಾಹಿತ್ಯವನ್ನು ನಾನು ಕೈಯಲ್ಲಿ ಹಿಡಿದವನಲ್ಲ. ಮನೆಯಲ್ಲಿ ಒಬ್ಬರು ಓದಿದರೆ ಸಾಕು, ಇನ್ನೊಬ್ಬರು ಅದರ ಪರಿಣಾಮ ಅನುಭವಿಸಬೇಕಲ್ಲ ಎಂಬುದು ನನ್ನ ನಿಲುವಾಗಿತ್ತು.

ಅವಳ ವಾರ ಹೀಗೆ ಸಾಗುತ್ತದೆ. ಸೋಮವಾರ ಲೈಬ್ರರಿ ತಾತನ ಅಂಗಡಿಯಿಂದ ಹೊಸ ಪುಸ್ತಕ ಬರುತ್ತದೆ. (ಹೊಸದು ಎಂದರೆ ಅವಳಿಗೆ ಹೊಸದು. ಊರವರೆಲ್ಲ ಓದಿ, ಒಬ್ಬರು ಟೀ ಚೆಲ್ಲಿ, ಇನ್ನೊಬ್ಬರು ಅಂಚಿನಲ್ಲಿ ‘ಅಯ್ಯೋ ಪಾಪ’ ಎಂದು ಬರೆದ ಪುಸ್ತಕ.) ಬಂದ ಕೂಡಲೇ ಅದನ್ನು ಮೂಸಿ ನೋಡುತ್ತಾಳೆ. ಮಂಗಳವಾರ ಕರೆದರೆ ಓ ಎನ್ನುತ್ತಾಳೆ, ಆದರೆ ಆ ‘ಓ’ ಬೇರೆ ಯಾವುದೋ ದೇಶದಿಂದ ಬರುತ್ತದೆ. ಬುಧವಾರ ಬಸ್ಸಿನಲ್ಲಿ ಓದುತ್ತಾ ಇಳಿಯುವ ನಿಲ್ದಾಣ ದಾಟಿ ಹೋಗಿ, ನಡೆದುಕೊಂಡು ವಾಪಸು ಬರುತ್ತಾಳೆ. ಆಗಲೂ ಮುಖದಲ್ಲಿ ನಗು. ಶುಕ್ರವಾರದ ಹೊತ್ತಿಗೆ, ಅಷ್ಟು ಅವಸರದಿಂದ ಓದುತ್ತಿದ್ದವಳು ಇದ್ದಕ್ಕಿದ್ದಂತೆ ಓದುವುದನ್ನು ನಿಧಾನ ಮಾಡುತ್ತಾಳೆ. ‘ಮುಗಿದುಹೋಗುತ್ತಲ್ಲ ರೀ’ ಎನ್ನುತ್ತಾಳೆ. ಶನಿವಾರ ಮುಗಿಸಿ, ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಾಳೆ. ಆ ಹೊತ್ತಿನಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಒಲೆಯ ಮೇಲೆ ಹಾಲಿದ್ದರೆ ಅದೂ ಸದ್ದಿಲ್ಲದೆ ಉಕ್ಕಬೇಕು.

ಮದುವೆಯಾಗಿ ಇಷ್ಟು ಕಾಲವಾದರೂ ಆ ದೃಶ್ಯ ನೋಡಿದಾಗ ನನಗೆ ಒಳಗೊಳಗೇ ಬೆರಗು. ಅಂಗೈ ಕೆಳಗೆ ಇರುವುದು ಹಳೆಯ ರಟ್ಟು, ಒಳಗೆ ಕಾಗದ. ಅದನ್ನು ಇವಳು ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟುತ್ತಾಳೆ. ಏನಿದೆ ಅಂಥಾದ್ದು ಅದರಲ್ಲಿ ಎಂದು ಒಮ್ಮೆ ಕೇಳಿದ್ದೆ. ಅವಳು ಸ್ವಲ್ಪ ಯೋಚಿಸಿ, “ಇಲ್ಲದೇ ಇರೋರ ಬಗ್ಗೆ ಹೆದರಿಕೆ ಆಗುತ್ತೆ ರೀ, ಅವರಿಗೆ ಏನಾದ್ರೂ ಆಗಿಬಿಟ್ರೆ ಅಂತ. ಇರೋರ ಬಗ್ಗೆ ಹೆದರೋದು ಎಲ್ಲರೂ ಮಾಡ್ತಾರೆ,” ಅಂದಳು. ಇರುವವನಾದ ನಾನು ಒಲೆಯ ಹಾಲು ಇಳಿಸಲು ಹೋದೆ.

ಭಾನುವಾರ ಊಟ ಮುಗಿದ ಮೇಲೆ ನ್ಯಾಯಾಲಯ. ಇದು ನಮ್ಮ ಮನೆಯ ಪದ್ಧತಿ. ವಾರದ ಕಾದಂಬರಿಯಿಂದ ಒಂದು ಪಾತ್ರವನ್ನು ಎಳೆದು ತಂದು ಊಟದ ಮೇಜಿನ ಮುಂದೆ ನಿಲ್ಲಿಸಲಾಗುತ್ತದೆ. ನನ್ನ ಹೆಂಡತಿ ಆ ಪಾತ್ರ ಏನು ತಪ್ಪು ಮಾಡಿತು ಎಂದು ಹೇಳುತ್ತಾಳೆ. ಅದರ ಪರವಾಗಿ ವಾದ ಮಾಡುವುದು ನಾನು. (ಕಾದಂಬರಿ ಓದದೆ ವಕೀಲನಾದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.) ಕೂಗುವುದು, ಬರೆದುಕೊಳ್ಳುವುದು ಕಾಲೇಜಿಗೆ ಹೋಗುವ ಮಗಳ ಕೆಲಸ. ಗೋಡೆ ಪಕ್ಕದ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತಾ ತೀರ್ಪು ಕೊಡುವವರು ನನ್ನ ಅಮ್ಮ. ಹೆತ್ತ ತಾಯಿ ನ್ಯಾಯಾಧೀಶೆ, ಇನ್ನೇನು ಬೇಕು ಅಂದುಕೊಳ್ಳಬೇಡಿ. ಅಮ್ಮ ಸೊಸೆಯ ಬಾಯಿಂದ ಕಥೆ ಕೇಳಲೆಂದೇ ವಾರವಿಡೀ ಕಾಯುವವರು. ಕಥೆ ಹೇಳುವವಳ ವಿರುದ್ಧ ತೀರ್ಪು ಕೊಟ್ಟು ಮುಂದಿನ ವಾರದ ಕಥೆಗೆ ಕಲ್ಲು ಹಾಕಿಕೊಳ್ಳುವಷ್ಟು ದಡ್ಡರಲ್ಲ. ಅಪೀಲು ಹೋಗಬಹುದು. ಮೇಲಿನ ಕೋರ್ಟಿನಲ್ಲೂ ಅಮ್ಮನೇ ಇರುತ್ತಾರೆ.

ತೀರ್ಪು ಪಾತ್ರದ ಮೇಲೆ, ಶಿಕ್ಷೆ ಮಾತ್ರ ನನ್ನ ಮೇಲೆ. ಹೆಂಡತಿ ಮಾತಾಡುವಾಗ ಪತ್ರಿಕೆ ಓದಿದ ಒಬ್ಬ ಪ್ರೊಫೆಸರನಿಂದ ನನ್ನ ಬೆಳಗಿನ ಪತ್ರಿಕೆ ಹೋಯಿತು. ಎಲ್ಲಿಗೆ ಹೊರಟೆ ಎಂದು ಹೇಳದೆ ಹೋದ ಒಬ್ಬ ರಾಜನಿಂದಾಗಿ ನಾನು ಗುಂಡಿ ಹೊಲಿಸಲು ಹೊರಟರೂ ಹೇಳಿ ಹೋಗಬೇಕು. ಪತ್ತೇದಾರಿ ಕಾದಂಬರಿಯ ವಾರವಂತೂ ನನ್ನ ಜೇಬಿನ ಬಸ್ ಟಿಕೆಟ್ಟುಗಳನ್ನು ಸಾಲಾಗಿ ಜೋಡಿಸಿ, “ಈ ಟಿಕೆಟ್ ಯಾಕೆ ಮಡಚಿದೆ?” ಎಂದು ಕೇಳಿದ್ದಳು. ಹೀಗೆ ನಾನು ಮಾಡದ ತಪ್ಪುಗಳ ಮೇಲೆಯೇ ನಮ್ಮ ಮನೆಯ ಕಾನೂನುಶಾಸ್ತ್ರ ನಿಂತಿದೆ.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ಆದರೆ ಆ ಸೋಮವಾರ ಅವಳು ಪುಸ್ತಕವಿಲ್ಲದೆ ಮನೆಗೆ ಬಂದಳು. ಕೈಚೀಲ ಮೇಜಿನ ಮೇಲಿಟ್ಟು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು.

“ತಾತನ ಲೈಬ್ರರಿ ಮುಚ್ತಾರಂತೆ ರೀ. ಆ ಕಟ್ಟಡ ಕೆಡವ್ತಾರಂತೆ. ಪುಸ್ತಕ ಎಲ್ಲಾ ರದ್ದಿ ಅಂಗಡಿಗೆ.”

“ಅಷ್ಟೂ ಪುಸ್ತಕಾನಾ?” ಅಂದೆ.

“ಅಷ್ಟೂ.” ಚಪ್ಪಲಿ ಬಿಚ್ಚಿದಳು. ಆಮೇಲೆ, “ತಾತ ಪುಸ್ತಕ ಸುಮ್ನೆ ಕೊಡ್ತೀನಿ ಅಂದ್ರು. ಇಡೋಕೆ ಜಾಗ ಇದ್ರೆ ಅವರೇ ಬಂದು ಕೂತು ನೋಡ್ಕೋತಾರಂತೆ. ನಮ್ಮ ಶೆಡ್ ಇದೆಯಲ್ಲ.”

ಅವಳ ಮಾತು ಮುಗಿಯುವ ಮೊದಲೇ ನಾನೆಂದೆ, “ಶೆಡ್ಡಲ್ಲಿ ಕಾರಿದೆ.”

“ಅದು ಕಾರಾ?”

ಈ ಪ್ರಶ್ನೆಯಲ್ಲಿ ಎಷ್ಟು ವಿಷವಿದೆ ಎಂಬುದು ಕಾರಿನ ಇತಿಹಾಸ ಗೊತ್ತಿಲ್ಲದವರಿಗೆ ತಿಳಿಯದು. ಅದು ನನ್ನ ಸೋದರಮಾವನ ಕಾರು. ಚಿಕ್ಕವನಿದ್ದಾಗ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾವ ಊರೆಲ್ಲ ಸುತ್ತಿಸುತ್ತಿದ್ದರು. ತೀರಿಹೋಗುವ ಮೊದಲು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಅದು ನಮ್ಮ ಶೆಡ್ಡಿನಲ್ಲಿ, ಹೊದಿಕೆಯ ಕೆಳಗೆ, ಮಹಾರಾಜನ ಹಾಗೆ ಮಲಗಿದೆ. ಪ್ರತಿ ಭಾನುವಾರ ಬೆಳಿಗ್ಗೆ ನಾನು ಹೊದಿಕೆ ತೆಗೆದು, ಒರೆಸಿ, ಸ್ಟೀರಿಂಗ್ ಹಿಡಿದು ಸ್ವಲ್ಪ ಹೊತ್ತು ಕೂತು, ಮತ್ತೆ ಹೊದಿಸಿ ಬರುತ್ತೇನೆ. ಓಡುವುದಿಲ್ಲ, ನಿಜ. ಮುಂದಿನ ತಿಂಗಳು ರಿಪೇರಿ ಮಾಡಿಸಬೇಕೆಂದಿದ್ದೇನೆ. (ಈ ಮುಂದಿನ ತಿಂಗಳು ಕೂಡ ಕಾರಿನಷ್ಟೇ ಹಳೆಯದು.)

ಅವಳು ಜಗಳವಾಡಲಿಲ್ಲ. ಅದೇ ತೊಂದರೆಯಾದದ್ದು. ಜಗಳವಾಡಿದ್ದರೆ ಸೋತು ನಿಶ್ಚಿಂತೆಯಿಂದ ಇರುತ್ತಿದ್ದೆ. ಆ ವಾರ ಮನೆಯಲ್ಲಿ ಕಾದಂಬರಿಯೇ ಇಲ್ಲ. ಮಂಗಳವಾರ ಕರೆದ ಕೂಡಲೇ ಬಂದಳು. ಬುಧವಾರ ಸರಿಯಾದ ನಿಲ್ದಾಣದಲ್ಲಿ ಇಳಿದಳು. ಸಂಜೆ ಕಿಟಕಿಯ ಪಕ್ಕ ಕೂತು ಬೀದಿ ನೋಡುವಳು, ಅವಳ ಕೈಗಳಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಅಮ್ಮ ಸ್ವೆಟರಿನ ಮೇಲಿಂದ ನನ್ನನ್ನು ನೋಡಿದ ನೋಟಕ್ಕೆ ಕೋರ್ಟೇ ಬೇಕಿರಲಿಲ್ಲ.

“ಅಮ್ಮಾ, ಹಾಗೆ ನೋಡ್ಬೇಡ. ಕಾರು ಮಾವನ ನೆನಪು. ಅವರು ನಿನ್ನ ತಮ್ಮನೇ ಅಲ್ವಾ?” ಅಂದೆ.

“ನನ್ನ ತಮ್ಮ ಅಂತ ಗೊತ್ತು ಕಣೋ. ಪದ್ಧತಿ ಪ್ರಕಾರ ಹೋಗೋಣ. ಒಂದು ಕಾದಂಬರಿ ಬರಲಿ, ವಿಚಾರಣೆ ಆಗಲಿ. ಏನು ತೀರ್ಪು ಬರುತ್ತೋ ಅದೇ ಕಾರಿಗೂ,” ಅಂದರು ಅಮ್ಮ.

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ದೀಪ ಹತ್ತಿತು. ಇಷ್ಟು ಕಾಲ ನಾನು ಸೋತದ್ದು ಯಾಕೆ? ಪ್ರತಿ ಸಲವೂ ಕಾದಂಬರಿಯನ್ನು ಆರಿಸಿದವಳು ಅವಳು. ಈ ಸಲ ನಾನೇ ಆರಿಸಿದರೆ? ಹಳೆಯ ವಸ್ತುವನ್ನು ಜೀವದಂತೆ ಕಾಪಾಡುವ ಒಬ್ಬ ಒಳ್ಳೆಯ ಮನುಷ್ಯ, ಅದನ್ನು ಕಿತ್ತುಕೊಳ್ಳಲು ಬರುವ ಕಟುಕ ಮನೆಯವರು. ಇಂಥದೊಂದು ಕಾದಂಬರಿ ಸಿಕ್ಕರೆ ತೀರ್ಪು ನನ್ನ ಜೇಬಿನಲ್ಲಿ. “ಈ ವಾರದ ಪುಸ್ತಕ ನಾನೇ ತರ್ತೀನಿ,” ಎಂದು ಘೋಷಿಸಿದೆ. ಹೆಂಡತಿ ನನ್ನನ್ನು, ರಕ್ತದ ಬಾಟಲಿಯ ಮೇಲೆ ಅಂಟಿಸಿದ ಹೆಸರನ್ನು ಎರಡನೇ ಸಲ ಓದುವವಳ ಹಾಗೆ ನೋಡಿದಳು. ಆಗಲಿ ಎಂದಳು.

ಲೈಬ್ರರಿ ತಾತ ಏಣಿಯ ಮೇಲೆ ನಿಂತು ಪುಸ್ತಕ ಕಟ್ಟುತ್ತಿದ್ದರು. ನನ್ನ ಬೇಡಿಕೆ ಕೇಳಿ ಕನ್ನಡಕ ಸರಿಮಾಡಿಕೊಂಡರು. (ನಾನೇ ಮಾಡಿಕೊಟ್ಟ ಕನ್ನಡಕ.) ಯೋಚಿಸಿ, ಮೂಲೆಯ ಗೂಡಿನಿಂದ ನೀಲಿ ರಟ್ಟಿನ ಪುಸ್ತಕವೊಂದನ್ನು ತೆಗೆದು ಧೂಳು ಹೊಡೆದು ಕೊಟ್ಟರು. “ಒಬ್ಬ ದೋಣಿಕಾರನ ಕಥೆ. ನೀವು ಕೇಳಿದ ಹಾಗೇ ಇದೆ. ಆದ್ರೆ ಒಂದು ಮಾತು...” ಅಂದರು. ಅಷ್ಟರಲ್ಲಿ ಕಟ್ಟು ಜಾರಿ ಪುಸ್ತಕಗಳೆಲ್ಲ ದಡದಡನೆ ಕೆಳಗೆ ಬಿದ್ದವು. ಆರಿಸಿಕೊಟ್ಟು ಹೊರಡುವ ಗಡಿಬಿಡಿಯಲ್ಲಿ ಆ ಒಂದು ಮಾತನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಸೋಮವಾರಕ್ಕೆ ಇನ್ನೂ ಸಮಯವಿತ್ತು. ಮದ್ದುಗುಂಡನ್ನು ಪರೀಕ್ಷಿಸದೆ ಯುದ್ಧಕ್ಕೆ ಹೋಗುವುದು ಬೇಡವೆಂದು ಅಂಗಡಿಯಲ್ಲಿ, ಗಾಜು ಉಜ್ಜುವ ಯಂತ್ರದ ಹಿಂದೆ ಕೂತು ಓದತೊಡಗಿದೆ. ನದಿಯ ದಡದ ಊರು. ಅಪ್ಪನಿಂದ ಬಂದ ದೋಣಿ. ಸೇತುವೆ ಕಟ್ಟಿದ ಮೇಲೆ ದೋಣಿಗೆ ಕೆಲಸವಿಲ್ಲ. ದೋಣಿಕಾರ ಅದನ್ನು ಮನೆಯ ಅಂಗಳಕ್ಕೆ ಎಳೆದು ತಂದು, ಮೇಲೆ ಚಾವಣಿ ಹಾಕಿ, ವಾರಕ್ಕೊಮ್ಮೆ ಎಣ್ಣೆ ಒರೆಸುತ್ತಾನೆ. ಮುಂದಿನ ತಿಂಗಳು ನೀರಿಗಿಳಿಸುತ್ತೇನೆ ಎನ್ನುತ್ತಾನೆ. ಅಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸುತ್ತಮುತ್ತ ನೋಡಿದೆ. ನನ್ನನ್ನು ಎಂದೂ ನೋಡದ ಒಬ್ಬ ಮನುಷ್ಯ ನನ್ನ ಭಾನುವಾರವನ್ನು ಹೇಗೆ ಬರೆದ?

ಆಮೇಲೆ ನಾನು ನಾನಾಗಿ ಉಳಿಯಲಿಲ್ಲ. ಗಿರಾಕಿಯೊಬ್ಬರನ್ನು ಪಟದ ಮುಂದೆ ಕೂರಿಸಿ, ಓದಿ ಎಂದು ಹೇಳಿ, ನಾನು ದೋಣಿಗೆ ಹೋದೆ. ಅವರು ಮೇಲಿನಿಂದ ಕೆಳಗಿನವರೆಗೆ ಓದಿ, ಕೆಳಗಿನಿಂದ ಮೇಲಕ್ಕೂ ಓದಿ, ಕೊನೆಗೆ, “ಸ್ವಾಮಿ, ಇನ್ನೂ ಎಷ್ಟು ಸಲ ಓದ್ಲಿ?” ಎಂದು ಕೇಳಿದರು. ಇನ್ನೊಬ್ಬರಿಗೆ ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿ ಕಳಿಸಿದೆ. ದೋಣಿಕಾರನ ಮಗ ಅಂಗಳದಲ್ಲಿ ಅಂಗಡಿ ಹಾಕಲು ಜಾಗ ಬೇಕೆಂದಾಗ ನಾನು ಮೇಜು ಗುದ್ದಿದೆ. ಇಲ್ಲದ ಮಗನ ಮೇಲೆ ನನಗೆ ಬಂದ ಸಿಟ್ಟು ಇರುವ ಯಾರ ಮೇಲೂ ಬಂದದ್ದಿಲ್ಲ. ಕಾಗದದ ಮೇಲಿನ ಮಸಿ ಇಷ್ಟನ್ನು ಮಾಡಬಲ್ಲದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲ, ಒಬ್ಬಳು ಪ್ರತಿ ಶನಿವಾರ ಹೇಳುತ್ತಿದ್ದಳು, ಅಂಗೈಯಿಂದ.

ಆದರೆ ನನ್ನದು ಅಕ್ಷರದ ಪಟದ ಓದು, ಒಂದೊಂದೇ ಅಕ್ಷರ. ಸೋಮವಾರ ಬಂದೇ ಬಂತು. ಮಗ ಕೊಳ್ಳುವವನನ್ನು ಕರೆತಂದಿದ್ದಾನೆ. ದೋಣಿಕಾರ ದೋಣಿಯೊಳಗೆ ಹೋಗಿ ಕೂತು, ಏಳುವುದಿಲ್ಲ ಎನ್ನುತ್ತಿದ್ದಾನೆ. ಸರಿಯಾಗಿ ಅಲ್ಲಿಗೆ ನಿಂತಿತು ನನ್ನ ಓದು. ಮುಂದಿನ ಪುಟ ತಿರುವಿ ಕೊನೆ ನೋಡಿಬಿಡಬಹುದಿತ್ತು ಎನ್ನುತ್ತೀರಾ? ಕೊನೆಯ ಪುಟವನ್ನು ಮೊದಲು ನೋಡುವವರು ಕದ್ದು ತಿನ್ನುವವರಿಗಿಂತ ಕಡೆ ಎಂಬುದು ನಮ್ಮ ಮನೆಯ ಮೊದಲನೇ ಕಾನೂನು. ನಾನು ಹೇಡಿ ಇರಬಹುದು, ಕಾನೂನು ಮುರಿಯುವವನಲ್ಲ. ಅಲ್ಲದೆ ಎಲ್ಲವೂ ನನ್ನ ಪರವಾಗಿಯೇ ಇತ್ತು. ಪುಸ್ತಕವನ್ನು ಅವಳ ಕೈಗಿಟ್ಟೆ. ಅವಳು ಮೂಸಿ ನೋಡಿದಳು.

ಆ ವಾರ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಪುಸ್ತಕ ಅವಳ ವಾರದಲ್ಲಿ ಅವಳ ಸ್ವತ್ತು, ಬೇರೆಯವರು ಮುಟ್ಟುವ ಹಾಗಿಲ್ಲ. ದೋಣಿಕಾರ ದೋಣಿಯಲ್ಲೇ ಕೂತಿದ್ದಾನೆ. ಊಟ ಮಾಡಿದನೋ ಇಲ್ಲವೋ. ಮಗ ಕೈ ಹಿಡಿದು ಎಳೆದನೋ ಏನೋ.

“ಎಲ್ಲಿಗೆ ಬಂತೇ?” ಎಂದು ಬುಧವಾರ ಕೇಳಿದೆ.

“ಏನು?”

“ಅದೇ, ಪುಸ್ತಕ.”

“ನಡೀತಾ ಇದೆ.”

“ಸೇತುವೆ ಕಟ್ಟಿದ್ರಾ?”

“ನಿಮಗ್ಯಾಕೆ ರೀ ಸೇತುವೆ ಚಿಂತೆ? ನೀವು ಕಾದಂಬರಿ ಓದೋರಲ್ಲವಲ್ಲ,” ಎಂದು ಪುಟ ತಿರುವಿದಳು.

ಶನಿವಾರ ಅವಳು ಮುಗಿಸುವುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಪುಟ ತಿರುವಿದಳು. ಮತ್ತೆ ಹಿಂದಕ್ಕೆ ತಿರುವಿದಳು. ಪುಸ್ತಕ ಮುಚ್ಚಿ ಅಂಗೈ ಇಟ್ಟುಕೊಂಡು ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, “ತಾತನ ಹತ್ರ ಹೋಗಿ ಬರ್ತೀನಿ,” ಎಂದು ಹೋದಳು. ಬಂದವಳೇ ಬಟ್ಟೆ ಮಡಚಲು ಕೂತಳು. ಮಡಚುವಾಗ ಅವಳ ತುಟಿಗಳು ಒಂದೇ ಸಮನೆ ಅಲ್ಲಾಡುತ್ತಿದ್ದವು. ಸೋಲುವ ಭಯದಿಂದ ದೇವರನ್ನು ನೆನೆಯುತ್ತಿದ್ದಾಳೆ ಪಾಪ ಎಂದುಕೊಂಡೆ.

ಭಾನುವಾರ. ಮಗಳು ಚಮಚದಿಂದ ಲೋಟ ಬಡಿದು, “ಆರೋಪಿ ದೋಣಿಕಾರ ಹಾಜರಿದ್ದಾರಾ?” ಎಂದು ಕೂಗಿದಳು. ಹೆಂಡತಿ ಆರೋಪ ಹೇಳಿದಳು: ಪ್ರೀತಿಯ ವಸ್ತುವನ್ನು ಕಟ್ಟಿಹಾಕಿ ಕೊಂದದ್ದು. ನಾನು ಎದ್ದು ನಿಂತೆ. ಅಂದು ನಾನು ಮಾಡಿದ ವಾದ ಚರಿತ್ರೆಯಲ್ಲಿ ಉಳಿಯಬೇಕಾದದ್ದು. ನೆನಪು ಎಂದರೇನು, ತಂದೆಯ ಆಸ್ತಿ ಎಂದರೇನು, ಎಣ್ಣೆ ಒರೆಸುವ ಕೈಯ ಪ್ರೀತಿ ಎಂಥದು ಎಂದು ನಾನು ಹೇಳುತ್ತಾ ಹೋದಂತೆ ಮಗಳು ಬರೆಯುವುದನ್ನು ನಿಲ್ಲಿಸಿದಳು. ಅಮ್ಮನ ಸೂಜಿಗಳೂ ನಿಂತವು. ನನ್ನ ಜೀವನದಲ್ಲಿ ಮೊದಲ ಸಲ ನಾನು ಗೆಲ್ಲುತ್ತಿದ್ದೆ.

“ಕೊನೆ ಅಧ್ಯಾಯ ಕೇಳದೆ ತೀರ್ಪು ಕೊಡೋಕಾಗಲ್ಲ ಅತ್ತೆ. ಓದ್ಲಾ?” ಎಂದಳು ಹೆಂಡತಿ. ನನಗೂ ಅದೇ ಬೇಕಿತ್ತು. ಕನ್ನಡಕ ಹಾಕಿಕೊಂಡು, ಪುಸ್ತಕ ಎತ್ತಿ ಹಿಡಿದು ಓದತೊಡಗಿದಳು.

ದೋಣಿಕಾರ ಹಗಲೆಲ್ಲ ದೋಣಿಯಲ್ಲಿ ಕೂತಿದ್ದ. ಕೊಳ್ಳುವವನು ಬೇಸತ್ತು ಬೇಲಿಯ ಹತ್ತಿರ ಹೋಗಿ ಕೂತ. ಸಂಜೆಯ ಬಿಸಿಲು ಚಾವಣಿಯ ಕೆಳಗೆ ಓರೆಯಾಗಿ ಬಂತು. ಆಗ ಅವನಿಗೆ ಕಂಡಿತು: ತಳದ ಹಲಗೆಗಳ ನಡುವಿನಿಂದ ಬೆಳಕು ಒಳಗೆ ಬರುತ್ತಿದೆ. ಒಣಗಿ ಒಣಗಿ ಮರ ಕುಗ್ಗಿ, ಹಲಗೆ ಹಲಗೆಗೆ ಬಿರುಕು ಬಿಟ್ಟಿದೆ. ನೀರಿನಿಂದ ಕಾಪಾಡಿದೆ, ಕಾಪಾಡಿದ್ದೇ ಇದಕ್ಕೆ ಮುಳುವಾಯಿತು ಎಂದು ಅವನು ಮೆಲ್ಲಗೆ ಹೇಳಿದ. ಆಮೇಲೆ ಎದ್ದು ಇಳಿದು, ಹಗ್ಗ ಹೆಗಲಿಗೆ ಹಾಕಿಕೊಂಡು ತಾನೇ ಎಳೆದ. ಮಗ ಓಡಿ ಬಂದು ಹಿಂದಿನಿಂದ ನೂಕಿದ. ನೀರಿಗೆ ಇಳಿದ ಕೂಡಲೇ ಎಲ್ಲ ಬಿರುಕುಗಳಿಂದ ನೀರು ನುಗ್ಗಿ ದೋಣಿ ಕುಸಿಯಿತು. ದಡದಲ್ಲಿ ನಿಂತವರು ನಕ್ಕರು. ದೋಣಿಕಾರ ನಗಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಅದರ ಅಂಚು ಹಿಡಿದುಕೊಂಡು ನಿಂತ. ಮರಕ್ಕೆ ನೆನಪಿದೆ, ಕುಡಿಯಲಿ, ಕುಡಿಯಲಿ ಎಂದ. ಬೆಳಗಾಗುವ ಹೊತ್ತಿಗೆ ಮರ ನೀರು ಕುಡಿದು ಹಿಗ್ಗಿತ್ತು. ಹಲಗೆಗಳು ಒಂದಕ್ಕೊಂದು ಅಪ್ಪಿಕೊಂಡಿದ್ದವು. ಒಳಗಿನ ನೀರು ಮೊಗೆದು ಚೆಲ್ಲಿದ ಮೇಲೆ ದೋಣಿ ಎದ್ದು ನಿಂತಿತು, ಅವನ ಕೈ ಬಿಡಿಸಿಕೊಂಡು ಹೊಳೆಯ ಮೇಲೆ ಹೊರಟಿತು. ದೋಣಿಕಾರ ಮನೆಗೆ ಬಂದು ಖಾಲಿಯಾದ ಚಾವಣಿಯ ಕೆಳಗೆ ನಿಂತು ಸುತ್ತ ನೋಡಿದ. ಎಷ್ಟು ಒಳ್ಳೆಯ ಗೋಡೆಗಳು, ನೆಟ್ಟಗಿವೆ, ತೇವವಿಲ್ಲ, ಮೊಳೆ ಹೊಡೆದರೆ ಭದ್ರವಾಗಿ ನಿಲ್ಲುತ್ತದೆ ಎಂದುಕೊಂಡ.

ನಾನು ಅಳುತ್ತಿದ್ದೆ. ಮುಚ್ಚುಮರೆ ಯಾಕೆ, ಊಟದ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ನಾನು ಕನ್ನಡಕದವನು. ಓದುವವರ ಕಣ್ಣು ಸಾಲಿನಿಂದ ಸಾಲಿಗೆ ಓಡಾಡುತ್ತದೆ ಎಂದು ನನಗೆ ಗೊತ್ತು. ಅದನ್ನು ನೋಡಿ ಹೊಟ್ಟೆ ಹೊರೆಯುವವನು. ಅವಳ ಕಣ್ಣು ಓಡಾಡುತ್ತಿರಲಿಲ್ಲ, ಅಷ್ಟು ಉದ್ದದ ಅಧ್ಯಾಯಕ್ಕೆ ಅವಳು ಒಂದು ಪುಟವನ್ನೂ ತಿರುವಲಿಲ್ಲ. ದೋಣಿ ಬಿಟ್ಟು ಬಂದ ದೋಣಿಕಾರ ಖಾಲಿ ಚಾವಣಿಯ ಕೆಳಗೆ ನಿಂತು ಗೋಡೆಗೆ ಮೊಳೆ ಹೊಡೆಯುವ ಯೋಚನೆ ಯಾಕೆ ಮಾಡಿದ ಎಂದೂ ನನಗೆ ಹೊಳೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿದವನಿಗೆ ಯಾವ ನಂಬರಿನ ಗಾಜೂ ಕೆಲಸಕ್ಕೆ ಬರುವುದಿಲ್ಲ.

“ವಕೀಲರು ಏನಾದ್ರೂ ಹೇಳೋದಿದೆಯಾ?” ಅಮ್ಮ ಕೇಳಿದರು.

“ದೋಣಿಕಾರನದ್ದೇ ತಪ್ಪು ಅಮ್ಮ,” ಅಂದೆ. “ಇಷ್ಟು ದಿನ ತಡ ಮಾಡಬಾರದಿತ್ತು.”

“ಬರ್ಕೊಳ್ಳೇ,” ಎಂದು ಅಮ್ಮ ಮೊಮ್ಮಗಳಿಗೆ ಹೇಳಿ, ನಿಂತಿದ್ದ ಸೂಜಿಗಳನ್ನು ಮತ್ತೆ ಆಡಿಸತೊಡಗಿದರು.

ಬೀದಿಯ ಕೊನೆಯ ಮೆಕ್ಯಾನಿಕ್ ಬಂದು ಕಾರನ್ನು ಎಳೆದುಕೊಂಡು ಹೋದ. ನಾನು ಕಣ್ಣೊರೆಸಿಕೊಳ್ಳುತ್ತಾ ಹಿಂದಿನಿಂದ ನೂಕಿದೆ. ಈಗ ಅದು ರಿಪೇರಿಯಾಗಿ ಬೇಕರಿಯವರ ಕೈಯಲ್ಲಿದೆ. ದಿನಾ ಬೆಳಿಗ್ಗೆ ಹಿಂದಿನ ಸೀಟಿನ ತುಂಬಾ ಬ್ರೆಡ್ಡು ತುಂಬಿಕೊಂಡು, ನಮ್ಮ ಮನೆಯ ಮುಂದೆ ಮಾವ ಹೊಡೆಯುತ್ತಿದ್ದ ಅದೇ ಹಾರನ್ನು ಹೊಡೆಯುತ್ತಾ ಹೋಗುತ್ತದೆ. ಮೊದಲ ದಿನ ಆ ಸದ್ದು ಕೇಳಿ ಅಮ್ಮ ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಾವಿಬ್ಬರೂ ನೋಡಿದೆವು. ಕಾದಂಬರಿ ಎಷ್ಟು ಸರಿಯಾಗಿ ಹೇಳಿತ್ತಲ್ಲ ಎಂದುಕೊಂಡೆ.

ಶೆಡ್ಡಿನ ಗೋಡೆಗಳಿಗೆ ಹಲಗೆ ಬಂತು, ಹಲಗೆಗಳಿಗೆ ಪುಸ್ತಕ ಬಂತು, ಬಾಗಿಲ ಬಳಿಯ ಕುರ್ಚಿಗೆ ತಾತ ಬಂದರು. ನನ್ನ ಹೆಂಡತಿ ಗೂಡಿನಿಂದ ಗೂಡಿಗೆ ಓಡಾಡುತ್ತಾ ಒಂದೊಂದನ್ನೇ ಮೂಸಿ ನೋಡಿ ಇಟ್ಟಳು. ಎಲ್ಲ ಜೋಡಿಸಿದ ಮೇಲೆ ನಾನು ಗುಟ್ಟಾಗಿ ಆ ನೀಲಿ ರಟ್ಟಿನ ಪುಸ್ತಕ ತೆಗೆದೆ. ಆ ಅಧ್ಯಾಯವನ್ನು ನನ್ನ ಕಣ್ಣಿನಿಂದಲೇ ಒಮ್ಮೆ ಓದಬೇಕು, ಮರಕ್ಕೆ ನೆನಪಿದೆ ಎಂಬ ಮಾತಿನ ಮೇಲೆ ಒಮ್ಮೆ ಬೆರಳಾಡಿಸಬೇಕು ಎಂಬ ಆಸೆ.

ದೋಣಿಕಾರ ದೋಣಿಯಲ್ಲಿ ಕೂತ. ಮಗನ ಕಡೆ ತಿರುಗಿ ನೋಡಿ, ಅಲ್ಪವಿರಾಮ. ಅದಾದ ಮೇಲೆ ರಟ್ಟು.

ಪುಸ್ತಕವನ್ನು ಬೆಳಕಿಗೆ ಹಿಡಿದೆ, ಒದರಿದೆ, ತಲೆಕೆಳಗು ಮಾಡಿದೆ. ಕೊನೆಯ ಹಾಳೆಗಳು ಹರಿದುಹೋದ ಕಡೆ ಹೊಲಿಗೆಯ ನೂಲು ಮಾತ್ರ ಇತ್ತು.

“ತಾತ, ಇದರ ಕೊನೆ ಎಲ್ಲಿ?”

“ಅದೇ ಅವತ್ತು ಹೇಳೋಕೆ ಬಂದೆ. ಅಷ್ಟರಲ್ಲಿ ಕಟ್ಟು ಬಿತ್ತಲ್ಲ,” ಅಂದರು ತಾತ. “ಆ ಹಾಳೆಗಳು ಹೋಗಿ ಬಹಳ ಕಾಲ ಆಯ್ತು. ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಕೊನೆ ಏನು ಅಂತ ನನಗೂ ಗೊತ್ತಿಲ್ಲ. ನಿಮ್ಮ ಮನೆಯವರು ಆ ಶನಿವಾರ ಬಂದು ಕೇಳಿದ್ರು. ಇಲ್ಲ ಅಂದೆ. ಪರವಾಗಿಲ್ಲ ಬಿಡಿ ತಾತ, ನಾನು ನೋಡ್ಕೋತೀನಿ ಅಂದ್ರು.”

ನೋಡಿಕೊಂಡಿದ್ದಳು. ಬಟ್ಟೆ ಮಡಚುತ್ತಾ, ತುಟಿ ಅಲ್ಲಾಡಿಸುತ್ತಾ, ಒಂದು ಸಂಜೆಯಲ್ಲಿ ನೋಡಿಕೊಂಡಿದ್ದಳು. ನನಗೆ ಮೊದಲು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು, ಅದಕ್ಕೆ ನನ್ನಲ್ಲಿ ಹೆಸರಿಲ್ಲ. ದಿನಾ ನನ್ನ ಪಕ್ಕದಲ್ಲಿ ಹಲ್ಲುಜ್ಜುವ ಈ ಹೆಂಗಸಿನ ತಲೆಯೊಳಗೆ ಒಂದು ಹೊಳೆ ಹರಿಯುತ್ತಿತ್ತು, ಅದರ ಮೇಲೆ ದೋಣಿ ತೇಲುತ್ತಿತ್ತು, ನಾನು ಟವೆಲ್ ಎಲ್ಲಿ ಎಂದು ಹುಡುಕುತ್ತಿದ್ದೆ.

ಆದರೂ ಮೋಸ ಮೋಸವೇ. ಆ ಭಾನುವಾರ ನಾನೇ ಮೊಕದ್ದಮೆ ಹೂಡಿದೆ. ಕೋರ್ಟು ಶೆಡ್ಡಿನಲ್ಲೇ ಕೂತಿತು. ಅಮ್ಮನಿಗೆ ಕಾರಿನ ಮುಂದಿನ ಸೀಟು. (ಡ್ರೈವರ್ ಪಕ್ಕದ ಆ ಸೀಟನ್ನು ಬೇಕರಿಯವರು ಬೇಡವೆಂದು ಬಿಚ್ಚಿ ನಮಗೆ ಕೊಟ್ಟು ಹೋಗಿದ್ದರು.)

“ಇವಳು ಓದಿದ್ದು ಪುಸ್ತಕದಲ್ಲಿ ಇಲ್ಲ. ಕಟ್ಟಿದ ಕಥೆ. ಆ ತೀರ್ಪು ರದ್ದಾಗ್ಬೇಕು,” ಅಂದೆ.

“ಹೌದೇನಮ್ಮ?” ಅಮ್ಮ ಸೊಸೆಯನ್ನು ಕೇಳಿದರು.

“ಹೌದು ಅತ್ತೆ. ಆದ್ರೆ ಪುಸ್ತಕದಲ್ಲಿ ಇದ್ದದ್ದೂ ಯಾರೋ ಕಟ್ಟಿದ್ದೇ ಅಲ್ವಾ? ಅವರು ಅರ್ಧಕ್ಕೆ ಬಿಟ್ಟಿದ್ದನ್ನ ನಾನು ಮುಗಿಸಿದೆ. ದೋಣೀಲಿ ಕೂತೋನನ್ನ ಹಾಗೇ ಬಿಟ್ಟು ನಂಗೆ ನಿದ್ದೆ ಬರ್ತಿರ್ಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನಿಮಗೆ ಬರ್ತಿತ್ತಾ ರೀ?” ಅಂದಳು.

ಬರುತ್ತಿರಲಿಲ್ಲ. ಆ ವಾರ ನಾನು ಪಟ್ಟ ಪಾಡು ನನಗೇ ಗೊತ್ತು.

“ಒಂದು ಕೇಳ್ತೀನಿ, ನೆಟ್ಟಗೆ ಹೇಳು,” ಅಂದರು ಅಮ್ಮ. “ಅವತ್ತು ನೀನು ಮೇಜಿನ ಮೇಲೆ ತಲೆ ಇಟ್ಟು ಅತ್ತೆಯಲ್ಲ, ಅದು ನಿಜವಾದ ಅಳುವೋ, ಸುಳ್ಳು ಅಳುವೋ?”

“ನಿಜವಾದದ್ದೇ.”

“ಅಳು ನಿಜ ಆದ್ಮೇಲೆ ಕಥೆ ಹೇಗೋ ಸುಳ್ಳಾಗುತ್ತೆ?”

ನಾನು ಅಪೀಲು ಹೋಗಲಿಲ್ಲ. ಮೇಲಿನ ಕೋರ್ಟಿನಲ್ಲೂ ಅಮ್ಮನೇ ಇರುವುದು ನನಗೆ ನೆನಪಿತ್ತು. ಶಿಕ್ಷೆಯೂ ಎಂದಿನಂತೆ ನನಗೇ ಬಂತು. ಆ ನೀಲಿ ಪುಸ್ತಕವನ್ನು ಎರವಲು ಒಯ್ದವರು ವಾಪಸು ತಂದಾಗ, ಅವರನ್ನು ಕೂರಿಸಿ ಕೊನೆಯ ಅಧ್ಯಾಯವನ್ನು ಬಾಯಲ್ಲಿ ಹೇಳುವ ಕೆಲಸ ನನ್ನದು.

ಆ ಪುಸ್ತಕಕ್ಕೆ ಈಗ ಬಹಳ ಬೇಡಿಕೆ. ಓದಿದವರು ಕಂಗಾಲಾಗಿ ನನ್ನ ಕನ್ನಡಕದ ಅಂಗಡಿಗೇ ಓಡಿ ಬರುತ್ತಾರೆ. ಸಂಜೆ ಮನೆಗೆ ಬನ್ನಿ ಎನ್ನುತ್ತೇನೆ. ಶೆಡ್ಡಿನ ಬಾಗಿಲ ಬಳಿ ಕಾರಿನ ಸೀಟಿನಲ್ಲಿ ಅವರನ್ನು ಕೂರಿಸಿ, ಬಿಸಿಲು ಓರೆಯಾಗಿ ಬಂದದ್ದು, ಹಲಗೆಗಳ ನಡುವೆ ಬೆಳಕು ಕಂಡದ್ದು, ಮರ ನೀರು ಕುಡಿದದ್ದು ಎಲ್ಲ ಹೇಳುತ್ತೇನೆ. ಒಂದು ಸಲವೂ ಕಣ್ಣು ಒದ್ದೆಯಾಗದೆ ಮುಗಿಸಿದ್ದಿಲ್ಲ. ಕೇಳುವವರು ಬಾಯಿ ಬಿಟ್ಟುಕೊಂಡು ಕೂತಿರುವುದನ್ನು ನೋಡುವಾಗ ನನ್ನೊಳಗೆ ಏನೋ ಏಳುತ್ತದೆ. ಮೊನ್ನೆ ತಡೆಯಲಾಗಲಿಲ್ಲ. “ಆಮೇಲೆ ಆ ದೋಣಿ ದಿನಾ ಬೆಳಿಗ್ಗೆ ದೋಣಿಕಾರನ ಮನೆಯ ಮುಂದೆ ಹಾದು ಹೋಗುವಾಗ ಒಂದು ಗಳಿಗೆ ನಿಲ್ಲುತ್ತಿತ್ತು, ಅವನು ಹೊರಗೆ ಬಂದು ಅದರ ಮೈ ಸವರುತ್ತಿದ್ದ,” ಎಂದು ನನ್ನದೂ ಒಂದು ಮಾತು ಸೇರಿಸಿದೆ.

ಗೂಡುಗಳ ಹಿಂದಿನಿಂದ ಅವಳ ದನಿ ಬಂತು.

“ರೀ, ಅದು ಪುಸ್ತಕದಲ್ಲಿ ಇಲ್ಲ.”

ಇಲ್ಲವೆಂದು ಒಪ್ಪಿಕೊಂಡು, ದೋಣಿಯನ್ನು ಮತ್ತೆ ಹೊಳೆಗೆ ಕಳಿಸಿದೆ.